ವಿಎಆರ್ ಇದ್ದರೂ ತಪ್ಪು ತೀರ್ಪು ಏಕೆ ಬರುತ್ತದೆ?

'ವಿಎಆರ್ ಬಂದ ಮೇಲೆ ಫುಟ್‌ಬಾಲ್‌ನಲ್ಲಿ ತೀರ್ಪು ಕೊಡುವುದು ಯಂತ್ರ, ಹಾಗಾಗಿ ತಪ್ಪಾದರೆ ಅದು ಮೋಸವೇ' ಎಂಬ ಮಾತನ್ನು ನೀವೂ ಕೇಳಿರಬಹುದು. ಇದು ನಿಜವಲ್ಲ. ವಿಎಆರ್ ಎಂದರೆ ವಿಡಿಯೊ ನೋಡಿ ನೆರವಾಗುವ ಇನ್ನೊಬ್ಬ ರೆಫರಿ, ಅಂದರೆ ಮನುಷ್ಯ. ಕೊನೆಯ ಮಾತು ಮೈದಾನದ ರೆಫರಿಯದ್ದೇ.

2023ರ ಸೆಪ್ಟೆಂಬರ್ 30ರಂದು ಇಂಗ್ಲೆಂಡ್‌ನ ಪ್ರೀಮಿಯರ್ ಲೀಗ್‌ನಲ್ಲಿ ಏನಾಯಿತು ನೋಡಿ. ಸ್ಕೋರ್ 0-0 ಇದ್ದಾಗ ಟಾಟನ್‌ಹ್ಯಾಮ್ ವಿರುದ್ಧ ಲಿವರ್‌ಪೂಲ್‌ನ ಲೂಯಿಸ್ ಡಿಯಾಜ್ ಗೋಲ್ ಹೊಡೆದರು. ಮೈದಾನದಲ್ಲಿ ಆಫ್‌ಸೈಡ್ ಎಂದರು. ವಿಡಿಯೊ ನೋಡಿದವರಿಗೆ ಅದು ಆಫ್‌ಸೈಡ್ ಅಲ್ಲವೆಂದು ಸರಿಯಾಗಿಯೇ ಕಂಡಿತು. ಆದರೆ ಮೈದಾನದಲ್ಲಿ ಗೋಲ್ ಕೊಟ್ಟಿದ್ದಾರೆ ಎಂದುಕೊಂಡು 'ಪರಿಶೀಲನೆ ಮುಗಿಯಿತು' ಎಂದುಬಿಟ್ಟರು! ಎಡವಟ್ಟು ಗೊತ್ತಾಗುವಷ್ಟರಲ್ಲಿ ಆಟ ಮತ್ತೆ ಶುರುವಾಗಿತ್ತು. ಹಾಗೆ ಶುರುವಾದ ಮೇಲೆ ಆಫ್‌ಸೈಡ್ ತೀರ್ಪನ್ನು ಬದಲಿಸಲು ನಿಯಮದಲ್ಲಿ ಅವಕಾಶವಿಲ್ಲ. ಲಿವರ್‌ಪೂಲ್ 2-1ರಿಂದ ಸೋತಿತು. ರೆಫರಿಗಳ ಸಂಸ್ಥೆ ತಪ್ಪೊಪ್ಪಿಕೊಂಡು, ಆ ಮಾತುಕತೆಯ ಆಡಿಯೊವನ್ನು ಕೆಲವು ದಿನಗಳ ನಂತರ ಬಿಡುಗಡೆ ಮಾಡಿತು.

ಕ್ಯಾಮೆರಾ ಸರಿಯಾಗಿತ್ತು, ಮಾತು ಕೆಟ್ಟಿತ್ತು. ಆದ್ದರಿಂದ ವಿಡಿಯೊ ನೆರವು ಬೇಕೇ ಎಂದರೆ, ಬೇಕು ಎಂದೇ ನಾವು ಹೇಳುತ್ತೇವೆ. ಆದರೆ ಕ್ರಿಕೆಟ್‌ನ ಡಿಆರ್‌ಎಸ್‌ನಲ್ಲಿ ಮೂರನೇ ಅಂಪೈರ್ ಮಾತು ಟಿವಿಯಲ್ಲಿ ನಮಗೆ ಕೇಳಿಸುತ್ತದಲ್ಲ, ಇಲ್ಲೂ ಹಾಗೆಯೇ ಕೇಳಿಸಬೇಕು. ಆವತ್ತು ಕೇಳಿಸಿದ್ದರೆ, ಏನು ತಪ್ಪಿತೆಂದು ಟಿವಿ ಮುಂದೆ ಕೂತವರಿಗೂ ಆಗಲೇ ತಿಳಿಯುತ್ತಿತ್ತು.