ಮಾತು ಬಾರದ ಮಗುವಿನ ಕಿವಿ ಪರೀಕ್ಷಿಸಿದ್ದೀರಾ?

ಮಾಕುಟ್ಟದಲ್ಲಿ ಕೊಡಗು ಮುಗಿದು ಕೇರಳ ಶುರುವಾಗುತ್ತದೆ. ಈ ಗಡಿಯಲ್ಲಿ ಕಿವಿ ಕೇಳದವರನ್ನು ಕರೆಯಲು ಪದಗಳಿಗೆ ಬರವಿಲ್ಲ. ಕನ್ನಡದಲ್ಲಿ ಕಿವುಡ, ಮೂಗ. ಮಂಗಳೂರು ಕಡೆಯವರ ಬಾಯಲ್ಲಿ ಕೆಪ್ಪ. ಕೂಟುಪುಳ ಸೇತುವೆ ದಾಟಿದರೆ ಮಲಯಾಳದ ಪೊಟ್ಟನ್, ಊಮ. ಎಲ್ಲ ಒಂದೇ ಅಂತ ನಾವು ಬಳಸ್ತೇವೆ. ಆದರೆ ಒಂದೊಂದು ಪದ ಮಾಡುವ ಹಾನಿ ಒಂದೊಂದು ಥರ.

‘ಪೊಟ್ಟನ್’ ಅಂದರೆ ಕಿವಿ ಕೇಳದವನೂ ಹೌದು, ದಡ್ಡನೂ ಹೌದು. ಕೇಳಿಸದಿರುವುದಕ್ಕೂ ಬುದ್ಧಿಗೂ ಸಂಬಂಧವಿಲ್ಲ. ಆದರೂ ಹಾಗೆ ಕರೆಸಿಕೊಂಡ ಮಗು ಮದ್ರಸದಲ್ಲೂ ಶಾಲೆಯಲ್ಲೂ ಹಿಂದಿನ ಸಾಲಿಗೆ ಹೋಗುತ್ತದೆ. ಕೆಟ್ಟ ಅಡ್ಡಹೆಸರಿಟ್ಟು ಕರೆಯುವುದನ್ನು ಸೂರಃ ಹುಜುರಾತ್‌ನ 11ನೇ ಆಯತ್ ತಡೆದಿದೆ. ಇದು ನಮಗೆ ಗೊತ್ತಿಲ್ಲದ ವಿಷಯವೇನಲ್ಲ.

‘ಮೂಗ’ ಪದದ ತೊಂದರೆ ಇನ್ನೂ ದೊಡ್ಡದು. ಹುಟ್ಟಿನಿಂದಲೇ ಕಿವಿ ಕೇಳದ ಹೆಚ್ಚಿನ ಮಕ್ಕಳ ನಾಲಿಗೆ, ಗಂಟಲು ಸರಿಯಾಗಿಯೇ ಇರುತ್ತವೆ. ಮಾತು ಕಿವಿಗೆ ಬೀಳದ್ದರಿಂದ ಬಾಯಿಗೆ ಬರುವುದಿಲ್ಲ, ಅಷ್ಟೆ. ಮಗು ಮೂಗ ಅಂತ ಮನೆಯವರು ತೀರ್ಮಾನಿಸಿದರೆ ಕಿವಿ ಪರೀಕ್ಷೆಯ ಯೋಚನೆಯೇ ಹುಟ್ಟುವುದಿಲ್ಲ. ‘ಅವನ ಉಪ್ಪನೂ ತಡವಾಗಿ ಮಾತಾಡಿದ್ದು, ಇವನಿಗೂ ಬರ್ತದೆ’ ಎಂದು ಕಾಯುತ್ತೇವೆ, ಹರಕೆ ಹೊರುತ್ತೇವೆ. ಹೀಗೆ ಕಳೆದುಹೋಗುವ ಎರಡು ಮೂರು ವರ್ಷವೇ ಮಗು ಭಾಷೆ ಕಲಿಯುವ ಕಾಲ. ಹುಟ್ಟಿದ 1 ತಿಂಗಳೊಳಗೆ ಕಿವಿ ತಪಾಸಣೆ, 3 ತಿಂಗಳೊಳಗೆ ದೋಷ ಇದೆಯೇ ಎಂಬ ಖಚಿತ ಉತ್ತರ, 6 ತಿಂಗಳೊಳಗೆ ಶ್ರವಣ ಸಾಧನ ಮತ್ತು ತರಬೇತಿ ಶುರು: ತಜ್ಞರು ಹೇಳುವ ಲೆಕ್ಕ ಇದು.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯೂ ಕಿವಿಯನ್ನೂ ಮಾತನ್ನೂ ಬೇರೆ ಬೇರೆ ಇಟ್ಟಿದೆ. ಎರಡೂ ಕಿವಿಗಳಲ್ಲಿ 70 ಡೆಸಿಬಲ್ ನಷ್ಟವಿದ್ದರೆ ಕಿವುಡುತನ, 60ರಿಂದ 70 ಇದ್ದರೆ ಮಂದಶ್ರವಣ. ಧ್ವನಿಪೆಟ್ಟಿಗೆ ತೆಗೆಸಿಕೊಂಡವರು, ಮಿದುಳಿಗೆ ಪೆಟ್ಟಾಗಿ ಮಾತು ಕಳೆದುಕೊಂಡವರು ಮಾತು ಮತ್ತು ಭಾಷೆಯ ವೈಕಲ್ಯ ಎಂಬ ಬೇರೆ ವಿಭಾಗದಲ್ಲಿ ಬರುತ್ತಾರೆ. ಮೀಸಲಾತಿಯಂಥ ಸೌಲಭ್ಯಕ್ಕೆ ಕನಿಷ್ಠ ಶೇ. 40 ವೈಕಲ್ಯದ ಪ್ರಮಾಣಪತ್ರ ಬೇಕು. ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕುವಾಗ ಯಾವ ವಿಭಾಗ ಎಂದು ಸರಿಯಾಗಿ ತಿಳಿದಿರಲೇಬೇಕು.

ಹಾಗಾದರೆ ‘ಕಿವುಡ’ ಅನ್ನಬಹುದಾ? ಕಿವುಡರ ವಿಶ್ವ ಒಕ್ಕೂಟ 1991ರಲ್ಲೇ ‘ಶ್ರವಣದೋಷವುಳ್ಳವರು’ ಎಂಬುದನ್ನು ಬಿಟ್ಟು ಕಿವುಡರು, ಮಂದಶ್ರವಣದವರು ಎಂಬ ಪದಗಳನ್ನು ಆರಿಸಿಕೊಂಡಿತು. ತಮ್ಮಲ್ಲಿ ದೋಷವಿಲ್ಲ, ಸಂಜ್ಞೆ ಎಂಬ ಭಾಷೆ ಇದೆ ಎನ್ನುವುದು ಅವರ ವಾದ. ಆದ್ದರಿಂದ ‘ಕಿವುಡರು’ ಎಂದು ಗೌರವದಿಂದ ಹೇಳುವುದರಲ್ಲಿ ತಪ್ಪಿಲ್ಲ. ‘ಏ ಕಿವುಡಾ’ ಎಂದು ಕೂಗುವುದು ತಪ್ಪು.

ಸನ್ನೆಯ ಬೆಲೆ ನಮ್ಮ ಶಾಫಿಈ ಫಿಕ್ಹ್‌ಗೆ ಹೊಸತಲ್ಲ. ಮಾತು ಬಾರದವರ ಅರ್ಥವಾಗುವ ಸನ್ನೆ ವ್ಯಾಪಾರದಲ್ಲೂ ನಿಕಾಹ್‌ನಲ್ಲೂ ಮಾತಿನಂತೆಯೇ ಸಿಂಧು. ಮಲಪ್ಪುರಂ ಜಿಲ್ಲೆಯ ಪುಳಿಕ್ಕಲ್‌ನ ಒಂದು ಮಸೀದಿಯಲ್ಲಿ ಜುಮಾ ಖುತ್ಬಾವನ್ನು ಸಂಜ್ಞೆಯಲ್ಲೂ ತಿಳಿಸುವ ಏರ್ಪಾಡಾಗಿದೆ. ನಮ್ಮ ಜಮಾಅತ್‌ಗಳೂ ಈ ಬಗ್ಗೆ ಮಾತಾಡಬೇಕು.

ಮಾಕುಟ್ಟದಂಥ ಕಾಡಂಚಿನ ಊರಿಂದ ಆಸ್ಪತ್ರೆಗೆ ಓಡಾಡುವುದು ಸುಲಭವಲ್ಲ, ನಿಜ. ಆದರೂ ಮಗು ಜೋರು ಶಬ್ದಕ್ಕೆ ಬೆಚ್ಚದಿದ್ದರೆ, ಉಮ್ಮನ ದನಿಗೆ ತಿರುಗದಿದ್ದರೆ ಕಾಯಬಾರದು. ಆಶಾ ಕಾರ್ಯಕರ್ತೆಗೆ ತಿಳಿಸಿ, ವಿರಾಜಪೇಟೆಗೋ ಮಡಿಕೇರಿಗೋ ಕರೆದೊಯ್ಯಿರಿ. ಮುಂದಿನ ಪರೀಕ್ಷೆಗೆ ಮೈಸೂರಿನಲ್ಲಿ 1965ರಿಂದ ಇರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಮನೆಯಲ್ಲಿ ಮಾತ್ರ ಮಗುವನ್ನು ಅದಕ್ಕಿಟ್ಟ ಹೆಸರಿನಿಂದಲೇ ಕರೆಯೋಣ.