ನಾಲ್ಕು ಪೆಪ್ಟೈಡ್ ಬೆರೆಸಿದರೆ ಬಿಸಿಲು ಇಳಿಯುತ್ತದೆಯೇ?

ಫೇಶಿಯಲ್, ಬ್ಲೀಚ್ ಎಲ್ಲಾ ಹಳೇ ಮಾತಾಯಿತು. ಈಗಿನ ಮಂತ್ರ ಪೆಪ್ಟೈಡ್. ಮೂರು ನಾಲ್ಕು ಪೆಪ್ಟೈಡ್ ಬೆರೆಸಿದ ಸೀರಮ್ ಹಚ್ಚಿದರೆ ಚರ್ಮದ ಮುಪ್ಪು ಹಿಂದೆ ಸರಿಯುತ್ತದಂತೆ. ದಾವಣಗೆರೆ, ಹರಿಹರದ ಹುಡುಗಿಯರ ಮೊಬೈಲಿನಲ್ಲೂ ಇದೇ ರೀಲ್ಸ್.

ಪೆಪ್ಟೈಡೇ ಸುಳ್ಳು ಅಂತ ನಾವು ಹೇಳುತ್ತಿಲ್ಲ. ಅದು ಅಮೈನೋ ಆಮ್ಲಗಳ ಚಿಕ್ಕ ಸರಪಳಿ. 1973ರಲ್ಲಿ ಲೋರೆನ್ ಪಿಕಾರ್ಟ್ ಮನುಷ್ಯರ ರಕ್ತದಲ್ಲೇ ಜಿಎಚ್‌ಕೆ ಎಂಬ ಪೆಪ್ಟೈಡ್ ಗುರುತಿಸಿದರು. ತಾಮ್ರ ಸೇರಿದ ಅದೇ ಇಂದಿನ ಕಾಪರ್ ಪೆಪ್ಟೈಡ್. ತಕರಾರು ಇರುವುದು ಮುಂದಿನ ಮಾತಿಗೆ. ಚರ್ಮದ ಮೇಲ್ಪದರದ ಕೆಲಸವೇ ಹೊರಗಿನದನ್ನು ಹೊರಗೇ ತಡೆಯುವುದು. 500 ಡಾಲ್ಟನ್‌ಗಿಂತ ದೊಡ್ಡ ಅಣು ಅದನ್ನು ಸುಲಭಕ್ಕೆ ದಾಟದು. ಗೆರೆ ಸಡಿಲಿಸುತ್ತದೆ ಎನ್ನುವ ಆರ್ಜಿರೆಲಿನ್ 880ಕ್ಕೂ ಮೇಲಿದೆ. ನಾಲ್ಕು ಬೆರೆಸಿದ ಬಾಟಲಿಯಲ್ಲಿ ಕೆಲಸ ಮಾಡಿದ್ದು ಯಾವುದು? ಬರೀ ಗ್ಲಿಸರಿನ್ ತೇವಕ್ಕೂ ಸಣ್ಣ ಗೆರೆಗಳು ಒಂದೆರಡು ತಾಸು ಮುಚ್ಚಿಕೊಳ್ಳುತ್ತವಲ್ಲ!

ಎಷ್ಟು ಹಾಕಿದ್ದಾರೆ ಅಂತ ಲೇಬಲ್ ನೋಡಿದರೂ ತಿಳಿಯದು. 2020ರ ಕಾಸ್ಮೆಟಿಕ್ಸ್ ನಿಯಮದಂತೆ ಶೇ 1ಕ್ಕಿಂತ ಕಡಿಮೆ ಇರುವುದನ್ನು ಯಾವ ಕ್ರಮದಲ್ಲಾದರೂ ಬರೆಯಬಹುದು. ಪೆಪ್ಟೈಡುಗಳು ಸಾಮಾನ್ಯವಾಗಿ ಆ ಬಾಲದಲ್ಲೇ ಇರುತ್ತವೆ. ಇನ್ನು ಔಷಧ ನಿಯಮಗಳ ಶೆಡ್ಯೂಲ್ ಜೆ ಪ್ರಕಾರ ಅಕಾಲ ಮುಪ್ಪು ತಡೆಯುತ್ತೇವೆ ಎಂದು ಯಾವ ಔಷಧವೂ ಹೇಳಿಕೊಳ್ಳುವಂತಿಲ್ಲ. ಹಾಗಾಗಿ ಮಾರುವಾಗ ಔಷಧದ ಮಾತು, ಕೇಳಿದರೆ ಕಾಸ್ಮೆಟಿಕ್ ಎಂಬ ಉತ್ತರ.

ಚರ್ಮಕ್ಕೆ ಹೊರಗಿನಿಂದ ಬೇಗ ಮುಪ್ಪು ತರುವುದರಲ್ಲಿ ಬಿಸಿಲಿನದೇ ಮೇಲುಗೈ. ಬೀಡಿ ಸಿಗರೇಟಿನ ಹೊಗೆಯೂ ಇದೆ. ಹರಿಹರ ತಾಲ್ಲೂಕಿನ ಭತ್ತದ ಗದ್ದೆಯಲ್ಲಿ ದಿನವಿಡೀ ಬಗ್ಗಿ ನಾಟಿ ಹಚ್ಚುವ ಹೆಂಗಸರ ಕತ್ತು, ಕೈ ನೋಡಿ. ದಾವಣಗೆರೆಯ ಮಂಡಕ್ಕಿ ಭಟ್ಟಿಯ ಕಾವಿನ ಮುಂದೆ ನಿಲ್ಲುವವರ ಮುಖ ನೋಡಿ. ಮೂವತ್ತೈದಕ್ಕೇ ಐವತ್ತರ ಹಾಗೆ ಕಾಣುತ್ತಾರೆ. 2025-26ರಲ್ಲಿ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ. ಸಾವಿರದ ಬಾಟಲಿಗೆ ಎರಡು ದಿನದ ದುಡಿಮೆಯೂ ಸಾಲದು. ಇವರಿಗೆ ಬೇಕಿರುವುದು ತುಂಬು ತೋಳಿನ ಅಂಗಿ, ತಲೆಗೆ ಟವೆಲ್, ಮಧ್ಯಾಹ್ನ ಒಂದು ತಾಸು ನೆರಳು. ಸನ್‌ಸ್ಕ್ರೀನ್ ಕೊಳ್ಳೋಣ ಎಂದರೆ ಅದರ ಮೇಲೆ ಶೇ 18 ಜಿಎಸ್‌ಟಿ. ಮುಖಕ್ಕೆ ಬಳಿಯುವ ಪೌಡರಿಗೆ ಮಾತ್ರ ಶೇ 5! ಈ ಲೆಕ್ಕ ಯಾರು ಹಾಕಿದರೋ.

ನಮ್ಮ ಕಸುಬಿನವರಿಗೂ ಒಂದು ಮಾತು. ಹಬ್ಬದ ಪುರವಣಿಗೆ ಜಾಹೀರಾತು ತಂದರೆ ಕಮಿಷನ್, ಸುದ್ದಿ ತಂದರೆ ಕಾಲಂ ಅಳತೆಯ ಪುಡಿಗಾಸು. ಕಂಪನಿ ಕಳಿಸಿದ ಬರಹವೇ ‘ಸೌಂದರ್ಯ ಸಲಹೆ’ಯಾಗಿ, ಜಾಹೀರಾತು ಎಂಬ ಪದವೂ ಇಲ್ಲದೆ ಅಚ್ಚಾಗುವುದು ಹೀಗೆ. ಆ ಪದ ಹಾಕದಿದ್ದರೆ ಬರಹ ಕಳಿಸುವುದಿಲ್ಲ ಅಂತ ಸ್ಟ್ರಿಂಗರುಗಳೆಲ್ಲ ಒಟ್ಟಾಗಿ ಡೆಸ್ಕಿಗೆ ಹೇಳಬೇಕು.

ಸೀರಮ್ ಹಚ್ಚಿದರೆ ಹೋಗುವುದು ದುಡ್ಡಷ್ಟೇ. ಪಾರ್ಲರಿನಲ್ಲಿ ಪೆಪ್ಟೈಡ್ ಅಂತ ಸೂಜಿ ಹಿಡಿದರೆ ಆ ಮಾತೇ ಬೇರೆ. ಚುಚ್ಚುವವರು ನೋಂದಾಯಿತ ವೈದ್ಯರೇ, ಆ ಜಾಗಕ್ಕೆ 2007ರ ಕೆಪಿಎಂಇ ಕಾಯ್ದೆಯಡಿ ನೋಂದಣಿ ಇದೆಯೇ ಎಂದು ಕೇಳಿ. ಗೋಡೆಯ ಮೇಲೆ ಆ ಪ್ರಮಾಣಪತ್ರ ಕಾಣದಿದ್ದರೆ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬನ್ನಿ.