ಚಿತ್ರ ಕಲಿಸಬೇಕೆ? ಮಾದರಿಯನ್ನು ಮುಚ್ಚಿಡಿ

ಚಿತ್ರಕಲೆಯ ಪೀರಿಯಡ್ಡಿನಲ್ಲಿ ಮೇಷ್ಟ್ರು ಹಲಗೆಯ ಮೇಲೆ ಬರೆದ ಚಿತ್ರ, ಅಥವಾ ಮೇಜಿನ ಮೇಲಿಟ್ಟ ಹೂಜಿ, ಗಂಟೆ ಬಾರಿಸುವವರೆಗೂ ಮಕ್ಕಳ ಕಣ್ಣೆದುರೇ ಇರುತ್ತದೆ. ನೋಡಿ ಬರೆಯುತ್ತಾರೆ, ಅಳಿಸುತ್ತಾರೆ, ಮತ್ತೆ ನೋಡುತ್ತಾರೆ. ಅಂದವಾಗಿ ಬಂದ ಹಾಳೆಗೆ ಹೆಚ್ಚು ಅಂಕ. ಆದರೆ ಹಾಳೆ ಚೆನ್ನಾಗಿ ಬರುವುದೂ ಮಗು ಕಲಿಯುವುದೂ ಒಂದೇ ಅಲ್ಲ. ತಿಂಗಳು ಕಳೆದ ಮೇಲೆ, ಎದುರಿಗೆ ಹೂಜಿ ಇಲ್ಲದಾಗ, ಅದರ ಕುತ್ತಿಗೆ ಎಲ್ಲಿ ಕಿರಿದಾಗಿ ಹೊಟ್ಟೆ ಎಲ್ಲಿ ಉಬ್ಬುತ್ತದೆ ಎಂಬುದು ಕೈಗೆ ಬರುತ್ತದೆಯೇ? ಬರಬೇಕಾದರೆ ಸ್ವಲ್ಪ ಹೊತ್ತು ನೋಡಿಸಿ, ಮಾದರಿಯನ್ನು ಮುಚ್ಚಿಟ್ಟು ಬರೆಸಿ, ಆಮೇಲೆ ತೆರೆದು ಮಗುವೇ ತಿದ್ದಿಕೊಳ್ಳುವಂತೆ ಮಾಡಬೇಕು.

ಹೀಗೆನ್ನಲು ಆಧಾರವಿದೆ. ಅಮೆರಿಕದ ಮನೋವಿಜ್ಞಾನಿಗಳಾದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕೆಲವು ವಿದ್ಯಾರ್ಥಿಗಳು ಪಾಠವನ್ನು ಮತ್ತೆ ಓದಿದರು. ಉಳಿದವರು ಪುಸ್ತಕ ಮುಚ್ಚಿ ನೆನಪಾದದ್ದನ್ನು ಬರೆದರು. ಐದು ನಿಮಿಷದ ನಂತರ ನೋಡಿದರೆ ಮತ್ತೆ ಓದಿದವರೇ ಮುಂದೆ. ವಾರದ ನಂತರ ಲೆಕ್ಕ ತಿರುಗಿತ್ತು: ನೆನಪಿನಿಂದ ಬರೆದವರಿಗೆ ಸುಮಾರು ಶೇ 56ರಷ್ಟು ಉಳಿದಿತ್ತು, ಓದಿದವರಿಗೆ ಶೇ 42ರಷ್ಟು. ಆ ಹೊತ್ತಿಗೆ ಕಷ್ಟವಾಗಿ ಕಂಡದ್ದೇ ಮುಂದೆ ಉಳಿಯಿತು. ಸದಾ ಎದುರಿಗಿರುವ ಮಾದರಿ ಈ ಕಷ್ಟವನ್ನೇ ತಪ್ಪಿಸುತ್ತದೆ.

ಅದು ಓದಿನ ವಿಷಯ, ಚಿತ್ರ ಕೈಚಳಕದ್ದು ಎಂಬ ಆಕ್ಷೇಪ ಸಹಜ. ಆದರೆ ಸಂಶೋಧಕರಾದ ಜಾನ್ ಶೇ ಮತ್ತು ರಾಬಿನ್ ಮಾರ್ಗನ್ 1979ರಲ್ಲಿ ಪರೀಕ್ಷಿಸಿದ್ದು ಕೈಯ ಚಲನೆಗಳನ್ನೇ. ಒಂದೇ ಚಲನೆಯನ್ನು ಸಾಲಾಗಿ ಅಭ್ಯಾಸ ಮಾಡಿದವರು ಆಗ ಚುರುಕಾಗಿದ್ದರು. ಬೇರೆ ಬೇರೆ ಚಲನೆಗಳನ್ನು ಬೆರೆಸಿ ಅಭ್ಯಾಸ ಮಾಡಿದವರು ತಡವರಿಸಿದರೂ ದಿನಗಳ ನಂತರ ಅವರದೇ ಮೇಲುಗೈ. ಕೈಯ ವಿಷಯದಲ್ಲೂ ಆಗಿನ ಕಷ್ಟವೇ ಮುಂದೆ ನೆರವಾಯಿತು. ಅಲ್ಲದೆ ಚಿತ್ರ ಕೆಡುವುದು ಕೈಯಿಂದ ಮಾತ್ರವಲ್ಲ. ಜನ ಕಂಡದ್ದನ್ನು ಕಂಡಂತೆ ಯಾಕೆ ಬರೆಯಲಾರರು ಎಂದು 1997ರಲ್ಲಿ ಕೇಳಿದ ಡೇಲ್ ಕೋಹೆನ್ ಮತ್ತು ಸೂಸನ್ ಬೆನೆಟ್, ವಸ್ತುವನ್ನು ತಪ್ಪಾಗಿ ಗ್ರಹಿಸುವುದೇ ಮುಖ್ಯ ಕಾರಣ ಎಂದರು. ಮುಚ್ಚಿ ಬರೆದು ತೆರೆದು ನೋಡಿದಾಗ ಎಲ್ಲಿ ಸರಿಯಾಗಿ ನೋಡಿರಲಿಲ್ಲ ಎಂಬುದು ಮಗುವಿಗೇ ಗೊತ್ತಾಗುತ್ತದೆ. ಅದನ್ನು ಮೇಷ್ಟ್ರ ಕೆಂಪು ಶಾಯಿ ಅಷ್ಟು ಸ್ಪಷ್ಟವಾಗಿ ತೋರಿಸಲಾರದು.

ಇನ್ನೊಂದು ಆಕ್ಷೇಪ ಹೆಚ್ಚು ಗಂಭೀರವಾದದ್ದು. ನೆನಪಿನಿಂದ ಬರೆಸಿದರೆ ಮಕ್ಕಳು ನೋಡುವುದನ್ನೇ ಬಿಟ್ಟು, ಎರಡು ಬೆಟ್ಟ, ನಡುವೆ ಸೂರ್ಯ ಎಂಬ ಸಿದ್ಧ ಅಚ್ಚಿಗೆ ಬೀಳುವುದಿಲ್ಲವೇ? ತಿದ್ದುವ ಹಂತವನ್ನು ಬಿಟ್ಟರೆ ಖಂಡಿತ ಬೀಳುತ್ತಾರೆ. ಹತ್ತೊಂಬತ್ತನೇ ಶತಮಾನದ ಮಧ್ಯಭಾಗದಲ್ಲಿ ಪ್ಯಾರಿಸ್‌ನಲ್ಲಿ ಪಾಠ ಹೇಳುತ್ತಿದ್ದ ಲೆಕಾಕ್ ದ ಬ್ವಾಬೋದ್ರಾನ್ ನೆನಪಿನಿಂದ ಬರೆಯುವುದರ ಬೆಲೆಯನ್ನು ಪ್ರಯೋಗಾಲಯವಿಲ್ಲದೆಯೇ ಅರಿತಿದ್ದರು. ಸರಳ ರೇಖೆ, ಸರಳ ಆಕಾರಗಳಿಂದ ಆರಂಭಿಸಿ, ಮೆಲ್ಲಗೆ ಕಷ್ಟ ಹೆಚ್ಚಿಸುತ್ತ, ಕೊನೆಗೆ ಲೂವ್ರ್ ಸಂಗ್ರಹಾಲಯದ ಕೃತಿಗಳನ್ನೇ ನೋಡಿ ಬರಲು ಹೇಳಿ ನೆನಪಿನಿಂದ ಬರೆಸುತ್ತಿದ್ದರು. ಶಿಲ್ಪಿ ರೊದ್ಯಾಂ, ಚಿತ್ರಕಾರ ಫಾಂತ್ಯಾಂ-ಲತೂರ್ ಅವರ ಶಿಷ್ಯರು. ಶಿಷ್ಯರ ಕೀರ್ತಿಯಷ್ಟೇ ವಿಧಾನಕ್ಕೆ ಸಾಕ್ಷಿಯಾಗದು. ಪ್ರತಿಭೆಯ ಪಾಲನ್ನು ಬೇರ್ಪಡಿಸುವುದು ಸಾಧ್ಯವಿಲ್ಲ. ಆದರೆ ಈ ಅಭ್ಯಾಸ ಅವರ ಸ್ವಂತಿಕೆಯನ್ನು ಅಚ್ಚಿಗೆ ಹಾಕಲಿಲ್ಲ ಎಂಬುದು ಅವರ ಕೃತಿಗಳಲ್ಲೇ ಕಾಣುತ್ತದೆ.

ದೊಡ್ಡ ಅಡ್ಡಿ ಇರುವುದು ನಮ್ಮ ಮೌಲ್ಯಮಾಪನದಲ್ಲಿ. ಮುಚ್ಚಿ ಬರೆದ ಚಿತ್ರ ಮೊದಲು ಸೊಟ್ಟಗೇ ಬರುತ್ತದೆ. ಅದಕ್ಕೂ ಅಂಕ ಕಳೆಯುವುದಾದರೆ ಯಾವ ಮಗುವೂ ಒಪ್ಪದು, ಯಾವ ಶಿಕ್ಷಕರೂ ಧೈರ್ಯ ಮಾಡರು. ಆದ್ದರಿಂದ ಈ ಹಾಳೆಗಳಿಗೆ ಅಂಕವೇ ಬೇಡ. ವಾರ ಬಿಟ್ಟು ಅದೇ ವಸ್ತುವನ್ನು ಮತ್ತೆ ನೆನಪಿನಿಂದ ಬರೆಸಿ, ಎರಡೂ ಹಾಳೆಗಳನ್ನು ಪಕ್ಕಪಕ್ಕ ಇಡಲಿ. ಇದಕ್ಕೆ ಹೊಸ ಪಠ್ಯಪುಸ್ತಕ ಬೇಡ, ಸ್ಮಾರ್ಟ್ ಬೋರ್ಡೂ ಬೇಡ. ಪೀರಿಯಡ್ಡಿನ ಹತ್ತು ನಿಮಿಷ ಮತ್ತು ಹೂಜಿಯ ಮೇಲೆ ಹೊದಿಸಲು ಒಂದು ಬಟ್ಟೆ ಸಾಕು.